ಕಿಟಕಿಯ ಕಣಜ, ಕೊನೆಯ ವರ್ಷದ ಪ್ರಾಣಿಶಾಸ್ತ್ರ

ಬಿ.ಎಸ್ಸಿ. ಕೊನೆಯ ವರ್ಷದ ಪ್ರಾಣಿಶಾಸ್ತ್ರದ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಸ್ಪಾಟರ್ ಎಂಬ ಭಾಗವೊಂದಿದೆ. ಉದ್ದನೆಯ ಮೇಜಿನ ಮೇಲೆ ಸಾಲಾಗಿ ಗಾಜಿನ ಜಾಡಿಗಳು, ಸ್ಲೈಡು ಏರಿಸಿಟ್ಟ ಸೂಕ್ಷ್ಮದರ್ಶಕಗಳು, ಒಂದೊಂದರ ಮುಂದೆ ಒಂದು ಅಕ್ಷರ ಬರೆದ ಚೀಟಿ. ಗಂಟೆ ಬಾರಿಸಿದೊಡನೆ ವಿದ್ಯಾರ್ಥಿ ಮುಂದಿನ ಜಾಡಿಗೆ ಸರಿಯಬೇಕು. ಸಿಕ್ಕ ಅಷ್ಟೇ ಹೊತ್ತಿನಲ್ಲಿ ಪ್ರಾಣಿಯನ್ನು ಗುರುತಿಸಿ, ವರ್ಗ ಬರೆದು, ಚಿತ್ರ ಬಿಡಿಸಿ, ಎರಡು ಲಕ್ಷಣ ಹೇಳಿ ಮುಗಿಸಬೇಕು. ಜಾಡಿಯೊಳಗಿನ ಕಡಲಕುದುರೆ ಫಾರ್ಮಲಿನ್‌ನಲ್ಲಿ ನೆಂದು ನೆಂದು ಬಿಳಿಚಿಕೊಂಡಿರುತ್ತದೆ. ಏಡಿಯ ಕಾಲೊಂದು ಎಂದೋ ಕಳಚಿ ಜಾಡಿಯ ತಳ ಸೇರಿರುತ್ತದೆ. ಎಷ್ಟೋ ವಿದ್ಯಾರ್ಥಿಗಳು ಜಾಡಿಗಳನ್ನೇ ಗುರುತಿಟ್ಟುಕೊಂಡಿರುತ್ತಾರೆ: ಮುಚ್ಚಳ ಬಿರುಕು ಬಿಟ್ಟಿದ್ದರೆ ಇಂಥದ್ದು, ಲೇಬಲ್ ಹರಿದಿದ್ದರೆ ಇಂಥದ್ದು. ಅಂಕಗಳೂ ಬರುತ್ತವೆ.

ಆ ಏಡಿಯ ಹೊಟ್ಟೆಯಡಿ ಹಳದಿ ಚೀಲದಂಥದ್ದೊಂದು ಅಂಟಿಕೊಂಡಿರುತ್ತದೆ. ಅದರ ಹೆಸರು ಸ್ಯಾಕ್ಯುಲಿನ. ಅದೂ ಏಡಿಯ ದೂರದ ಬಂಧುವೇ, ಆದರೆ ಪರಾವಲಂಬಿ. ಏಡಿಯ ಮೈಯೊಳಗೆಲ್ಲ ಬೇರು ಬಿಟ್ಟು, ಅದು ಇನ್ನೆಂದೂ ಸಂತಾನ ಪಡೆಯದ ಹಾಗೆ ಮಾಡಿಬಿಡುತ್ತದೆ. ಗಂಡು ಏಡಿಗೆ ಅಂಟಿದರೆ ಆ ಗಂಡು ಕ್ರಮೇಣ ಹೆಣ್ಣಿನ ಹಾಗೆ ವರ್ತಿಸಲಾರಂಭಿಸುತ್ತದೆ. ಹೆಣ್ಣು ತನ್ನ ಮೊಟ್ಟೆಗಳನ್ನು ಜೋಪಾನ ಮಾಡುವ ಹಾಗೆ ಪರಾವಲಂಬಿಯ ಚೀಲವನ್ನು ಜೋಪಾನ ಮಾಡುತ್ತದೆ. ಒಂದು ಜೀವಿ ಇನ್ನೊಂದರ ನಡವಳಿಕೆಯನ್ನೇ ಹೇಗೆ ಬದಲಾಯಿಸುತ್ತದೆ ಎಂಬುದು ಇಂದಿನ ಜೀವವಿಜ್ಞಾನದ ದೊಡ್ಡ ಪ್ರಶ್ನೆಗಳಲ್ಲೊಂದು. ಆ ಪ್ರಶ್ನೆ ಜಾಡಿಯೊಳಗೇ ಕೂತಿದೆ. ಗಂಟೆ ಬಾರಿಸಿತು, ಹುಡುಗಿ ಮುಂದಿನ ಜಾಡಿಗೆ ಹೋದಳು.

ಪ್ರಾಣಿಶಾಸ್ತ್ರ ಓದುವ ಮಕ್ಕಳ ಬಗ್ಗೆ ನನಗಿರುವ ಕಾಳಜಿಯೆಲ್ಲ ಈ ಒಂದು ಕ್ಷಣದ್ದು. ಮೊದಲ ಎರಡು ವರ್ಷ ಹೆಸರು, ವರ್ಗೀಕರಣ, ಅಂಗರಚನೆಗಳಲ್ಲಿ ಕಳೆದರೆ ಆಕ್ಷೇಪವಿಲ್ಲ. ಅಕ್ಷರ ಕಲಿಯದೆ ಓದಲು ಬರುವುದಿಲ್ಲ. ಆದರೆ ಕೊನೆಯ ವರ್ಷ ಮುಗಿಯುವುದರೊಳಗೆ ಪ್ರತಿಯೊಬ್ಬ ವಿದ್ಯಾರ್ಥಿಯೂ ಜೀವಂತ ಪ್ರಾಣಿಯೊಂದನ್ನು ವಾರಗಟ್ಟಲೆ, ತನ್ನದೇ ಕಣ್ಣಿನಿಂದ, ಟಿಪ್ಪಣಿ ಬರೆದುಕೊಳ್ಳುತ್ತ ನೋಡಿರಬೇಕು. ಅದೊಂದು ಆಗದಿದ್ದರೆ ಪದವಿ ಸಿಕ್ಕರೂ ಪ್ರಾಣಿಶಾಸ್ತ್ರ ಸಿಕ್ಕಿರುವುದಿಲ್ಲ.

ಇದಕ್ಕೆ ನಮ್ಮಲ್ಲೇ ಉದಾಹರಣೆಯಿದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ 1970ರ ದಶಕದಲ್ಲಿ ರಾಘವೇಂದ್ರ ಗದಗ್ಕರ್ ಎಂಬ ವಿದ್ಯಾರ್ಥಿ ಪ್ರಾಣಿಶಾಸ್ತ್ರ ಓದುತ್ತಿದ್ದರು. ಆ ಕಾಲೇಜಿನ ಕಿಟಕಿಗಳಲ್ಲಿ ಕಣಜದ ಗೂಡುಗಳಿದ್ದವು. ರೊಪಾಲಿಡಿಯ ಮಾರ್ಜಿನೇಟ ಎಂಬ ಈ ಕಂದುಬಣ್ಣದ ಕಣಜ ದಕ್ಷಿಣ ಭಾರತದಲ್ಲಿ ಎಲ್ಲೆಡೆ ಕಾಣುವಂಥದ್ದು. ಮರದ ನಾರನ್ನು ಅಗಿದು, ಜೊಲ್ಲಿನೊಂದಿಗೆ ಕಲಸಿ, ಕಾಗದದಂಥ ತೆಳುವಾದ ಗೂಡು ಕಟ್ಟುತ್ತದೆ. ಗೂಡಿಗೆ ಹೊದಿಕೆಯಿಲ್ಲ, ಕೋಣೆಗಳೆಲ್ಲ ತೆರೆದೇ ಇರುತ್ತವೆ; ಯಾವ ಕಣಜ ಏನು ಮಾಡುತ್ತಿದೆ ಎಂದು ಕೂತಲ್ಲಿಂದಲೇ ಕಾಣುತ್ತದೆ. ಗದಗ್ಕರ್ ಆಮೇಲೆ ಭಾರತೀಯ ವಿಜ್ಞಾನ ಸಂಸ್ಥೆಗೆ ಹೋಗಿ ಅಣುಜೀವವಿಜ್ಞಾನದಲ್ಲಿ ಡಾಕ್ಟರೇಟ್ ಮಾಡಿದರು. ಆದರೆ ಕಣಜವನ್ನು ಬಿಡಲಿಲ್ಲ. ಕೊನೆಗೆ ಅದನ್ನೇ ತಮ್ಮ ಬದುಕಿನ ಸಂಶೋಧನೆಯಾಗಿ ಹಿಡಿದರು. 2001ರಲ್ಲಿ ಆ ಒಂದೇ ಪ್ರಭೇದದ ಸಾಮಾಜಿಕ ಬದುಕಿನ ಬಗ್ಗೆ ಅವರ ಗ್ರಂಥವನ್ನು ಹಾರ್ವರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯ ಪ್ರಕಟಿಸಿತು.

ಅವರು ಮಾಡಿದ ಮೊದಲ ಕೆಲಸ ಯಾವ ಕಾಲೇಜಿನಲ್ಲೂ ಆಗುವಂಥದ್ದು. ಬೇಗ ಒಣಗುವ ಬಣ್ಣದ ಚುಕ್ಕಿಗಳನ್ನಿಟ್ಟು ಪ್ರತಿ ಕಣಜಕ್ಕೂ ಒಂದೊಂದು ಗುರುತು ಕೊಡುವುದು, ಆಮೇಲೆ ಗಂಟೆಗಟ್ಟಲೆ ಕೂತು ಯಾರು ಏನು ಮಾಡಿದರು ಎಂದು ಬರೆಯುವುದು. ಹಾಗೆ ನೋಡಿದ್ದರಿಂದ ತಿಳಿದದ್ದು ಬೆರಗಿನ ಸಂಗತಿ. ಈ ಕಣಜದ ಗೂಡಿನ ರಾಣಿ ಸಾಧು ಸ್ವಭಾವದವಳು. ಯಾರನ್ನೂ ಕಚ್ಚುವುದಿಲ್ಲ, ಅಟ್ಟುವುದಿಲ್ಲ. ನಡವಳಿಕೆ ನೋಡಿ ಇವಳೇ ರಾಣಿ ಎಂದು ಹೇಳುವುದೂ ಕಷ್ಟ. ತಾನಿದ್ದೇನೆ ಎಂಬುದನ್ನು ಅವಳು ಉಳಿದವರಿಗೆ ತಿಳಿಸುವುದು ಮೈಯಿಂದ ಸ್ರವಿಸುವ ರಾಸಾಯನಿಕದ ಮೂಲಕ. ರಾಣಿಯನ್ನು ಗೂಡಿನಿಂದ ತೆಗೆದುಬಿಟ್ಟರೆ ಸ್ವಲ್ಪ ಹೊತ್ತಿನಲ್ಲೇ ಕೆಲಸಗಾರರಲ್ಲಿ ಒಬ್ಬಳು, ಒಬ್ಬಳೇ ಒಬ್ಬಳು, ಎಲ್ಲರ ಮೇಲೂ ಎಗರಲು ಶುರುಮಾಡುತ್ತಾಳೆ. ರಾಣಿಯನ್ನು ಮರಳಿ ಬಿಟ್ಟರೆ ಅವಳು ತಣ್ಣಗಾಗುತ್ತಾಳೆ. ಬಿಡದಿದ್ದರೆ ವಾರದಾಚೀಚೆ ಅವಳೇ ಮೊಟ್ಟೆಯಿಡುತ್ತಾಳೆ, ಅವಳ ಆರ್ಭಟವೂ ನಿಲ್ಲುತ್ತದೆ, ಅವಳೂ ಸಾಧು ರಾಣಿಯಾಗುತ್ತಾಳೆ. ಉತ್ತರಾಧಿಕಾರಿ ಯಾರು ಎಂಬುದು ನೋಡುವ ನಮಗೆ ಮೊದಲೇ ತಿಳಿಯುವುದಿಲ್ಲ; ಗೂಡಿಗೆ ಮಾತ್ರ ತಿಳಿದಿರುತ್ತದೆ ಎಂಬುದಕ್ಕೆ ಅವರ ಪ್ರಯೋಗಗಳು ಪುರಾವೆ ಒದಗಿಸಿವೆ.

ಅದೇ ಸೆಂಟ್ರಲ್ ಕಾಲೇಜಿನಲ್ಲಿ ಅದಕ್ಕೂ ಮೊದಲು ಸಿ.ಆರ್. ನಾರಾಯಣರಾಯರಿದ್ದರು. ‘ಕರೆಂಟ್ ಸೈನ್ಸ್’ ಪತ್ರಿಕೆ 1932ರಲ್ಲಿ ಆರಂಭವಾದಾಗ ಅದರ ಮೊದಲ ಸಂಪಾದಕರು. ಪ್ರಾಣಿಶಾಸ್ತ್ರದ ಅಧ್ಯಾಪಕರು, ಕಪ್ಪೆಗಳ ತಜ್ಞರು. ಪಶ್ಚಿಮ ಘಟ್ಟದ ಹಲವು ಕಪ್ಪೆಗಳನ್ನು 1937ರಲ್ಲಿ ಮೊದಲ ಬಾರಿಗೆ ವಿವರಿಸಿದರು. ಚಿಕ್ಕಮಗಳೂರು ಜಿಲ್ಲೆಯ ಕೊಟ್ಟಿಗೆಹಾರದ ಹೆಸರು ಹೊತ್ತ ಕಪ್ಪೆ ಅವುಗಳಲ್ಲೊಂದು. ಅದು ತೊರೆಯ ಬಂಡೆಗಳ ಮೇಲೆ ಬದುಕುವ ನರ್ತಕ ಕಪ್ಪೆಗಳ ಗುಂಪಿನದು. ಹರಿಯುವ ನೀರಿನ ಸದ್ದಿನಲ್ಲಿ ಕೂಗೊಂದನ್ನೇ ನಂಬುವ ಹಾಗಿಲ್ಲವಾದ್ದರಿಂದ ಈ ಗುಂಪಿನ ಗಂಡುಗಳು ಹಿಂಗಾಲನ್ನು ಚಾಚಿ, ಬೆರಳು ಬಿಡಿಸಿ ಬೀಸಿ ತೋರಿಸುತ್ತವೆ. 2010ರಲ್ಲಿ ವಿಜ್ಞಾನಿಗಳು ಮರಗಪ್ಪೆಗಳ ಒಂದು ಹೊಸ ಕುಲಕ್ಕೆ ರಾಯರ ಗೌರವಾರ್ಥ ರಾವೋರ್ಕೆಸ್ಟಿಸ್ ಎಂದು ಹೆಸರಿಟ್ಟರು. ಈ ಕುಲದಲ್ಲಿ ಇಂದು 60ಕ್ಕೂ ಹೆಚ್ಚು ಪ್ರಭೇದಗಳಿವೆ, ಹೆಚ್ಚಿನವು ಪಶ್ಚಿಮ ಘಟ್ಟದವು. ಕಪ್ಪೆ ನೀರಿನಲ್ಲಿ ಮೊಟ್ಟೆಯಿಡುತ್ತದೆ, ಮೊಟ್ಟೆಯಿಂದ ಗೊದಮೊಟ್ಟೆ ಬರುತ್ತದೆ, ಗೊದಮೊಟ್ಟೆ ಕಪ್ಪೆಯಾಗುತ್ತದೆ ಎಂದು ಪ್ರೈಮರಿ ಶಾಲೆಯಿಂದ ಓದಿಕೊಂಡು ಬಂದ ವಿದ್ಯಾರ್ಥಿಗೆ ಇವು ಬೇರೆಯೇ ಪಾಠ ಹೇಳುತ್ತವೆ. ಇವುಗಳಲ್ಲಿ ಈಜಾಡುವ ಗೊದಮೊಟ್ಟೆಯ ಹಂತವೇ ಇಲ್ಲ. ಮೊಟ್ಟೆಯಿಂದ ನೇರವಾಗಿ ಪುಟಾಣಿ ಕಪ್ಪೆ ಹೊರಬರುತ್ತದೆ.

ರಾಯರ ಕಥೆಗೆ ನೋವಿನ ಮುಖವೂ ಇದೆ. ಹೊಸ ಪ್ರಭೇದವನ್ನು ವಿವರಿಸಿದವರು ಆಧಾರವಾಗಿ ಒಂದು ಮಾದರಿಯನ್ನು ಸಂಗ್ರಹದಲ್ಲಿ ಇಡುತ್ತಾರೆ. ಮುಂದೆ ಯಾರಿಗೇ ಅನುಮಾನ ಬಂದರೂ ಆ ಮಾದರಿಯನ್ನು ತೆಗೆದು ಹೋಲಿಸಿ ನೋಡಬೇಕು. ರಾಯರು ಹಾಗೆ ಇಟ್ಟಿದ್ದ ಕಪ್ಪೆಗಳ ಮಾದರಿಗಳು ಕಳೆದುಹೋದವು. ಅವರು ಹೇಳಿದ ಕಪ್ಪೆ ಯಾವುದು ಎಂದು ನಿರ್ಧರಿಸಲು ದಶಕಗಳ ನಂತರದ ಸಂಶೋಧಕರು ಪಟ್ಟ ಪಾಡು ಸಣ್ಣದಲ್ಲ. ಆದ್ದರಿಂದ ಜಾಡಿಗಳ ಬಗ್ಗೆ ನನಗೆ ತಾತ್ಸಾರವಿಲ್ಲ. ನಮ್ಮ ಹಳೆಯ ಕಾಲೇಜುಗಳ ಮ್ಯೂಸಿಯಂ ಕಪಾಟುಗಳಲ್ಲಿ ಇಂದು ಮತ್ತೆ ಸಿಗಲಾರದ ಜೀವಿಗಳಿರಬಹುದು. ಆ ಲೇಬಲ್‌ಗಳ ಮೇಲಿನ ಊರು, ತಾರೀಕು, ಸಂಗ್ರಹಿಸಿದವರ ಹೆಸರನ್ನು ನಕಲು ಮಾಡಿ ಪಟ್ಟಿ ತಯಾರಿಸುವುದೇ ಕೊನೆಯ ವರ್ಷದ ವಿದ್ಯಾರ್ಥಿಗೆ ಒಳ್ಳೆಯ ಪ್ರಾಜೆಕ್ಟ್ ಆದೀತು. ಜಾಡಿಯನ್ನು ಪರೀಕ್ಷೆಯ ಹೊತ್ತಿಗೆ ಮಾತ್ರ ಹೊರತೆಗೆಯುವುದು ಆ ಜೀವಿಗೂ ಅನ್ಯಾಯ, ವಿದ್ಯಾರ್ಥಿಗೂ ಅನ್ಯಾಯ.

ಹಾಗಾದರೆ ಕೊನೆಯ ವರ್ಷದಲ್ಲಿ ಮಕ್ಕಳು ಓದುವುದೇನು? ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಪತ್ರಿಕೆಗಳ ಹೆಸರು ಬೇರೆಯಾದರೂ ಹೂರಣ ಹೆಚ್ಚುಕಡಿಮೆ ಒಂದೇ: ಶರೀರಕ್ರಿಯೆ, ಭ್ರೂಣವಿಜ್ಞಾನ, ತಳಿವಿಜ್ಞಾನ, ವಿಕಾಸ, ಪರಿಸರ, ಪ್ರಾಣಿವರ್ತನೆ, ಜೊತೆಗೆ ರೇಷ್ಮೆ, ಜೇನು, ಮೀನು ಸಾಕಣೆಯಂಥ ಅನ್ವಯಿಕ ವಿಷಯಗಳು. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಬಂತು, 2024ರಲ್ಲಿ ರಾಜ್ಯ ಸರ್ಕಾರ ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟು ಮೂರು ವರ್ಷಕ್ಕೆ ಮರಳಿತು. ಈ ಎಳೆದಾಟದಲ್ಲಿ ಸಿಕ್ಕಿದ ಮಕ್ಕಳು ಹಿರಿಯರ ನೋಟ್ಸನ್ನೂ ನಂಬುವಂತಿಲ್ಲ, ಹೊಸ ಪುಸ್ತಕವೂ ಸಿಗುವುದಿಲ್ಲ ಎಂಬ ಸ್ಥಿತಿಯಲ್ಲಿ ಓದಿದರು. ಆದರೂ ಈ ವಿಷಯಗಳ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಹಿಂದಿನ ವರ್ಷಗಳಲ್ಲಿ ಬಿಡಿಬಿಡಿಯಾಗಿ ಓದಿದ್ದೆಲ್ಲ ಇಲ್ಲಿ ಒಂದಕ್ಕೊಂದು ಹೆಣೆದುಕೊಳ್ಳುತ್ತದೆ. ಪ್ರಾಣಿ ಏನು ಎಂಬ ಪ್ರಶ್ನೆ ಮುಗಿದು, ಪ್ರಾಣಿ ಹೀಗೇಕೆ ಎಂಬ ಪ್ರಶ್ನೆ ಶುರುವಾಗುವುದು ಈ ವರ್ಷ.

ಪ್ರಯೋಗಾಲಯದಲ್ಲೂ ಆ ಬೆರಗಿಗೆ ಜಾಗವಿದೆ. ಬಾಳೆಹಣ್ಣಿನ ಸುತ್ತ ಹಾರುವ ಪುಟ್ಟ ನೊಣ, ಡ್ರೊಸೊಫಿಲ, ಅದರ ಮರಿಹುಳುವಿನ ಜೊಲ್ಲುಗ್ರಂಥಿ ತೆಗೆಯುವ ಪ್ರಯೋಗವನ್ನೇ ತೆಗೆದುಕೊಳ್ಳಿ. ಕೋಶವಾಗುವ ಮುನ್ನ ಹುಳು ಆಹಾರ ಬಿಟ್ಟು ಸೀಸೆಯ ಗೋಡೆ ಹತ್ತುತ್ತದೆ. ಆಗಲೇ ಅದನ್ನು ಹಿಡಿಯಬೇಕು. ಸ್ಲೈಡಿನ ಮೇಲೆ ಲವಣದ್ರಾವಣದ ಒಂದು ಹನಿ, ಹನಿಯೊಳಗೆ ಹುಳು. ಒಂದು ಸೂಜಿಯಿಂದ ಬಾಯಿಯ ಕಪ್ಪು ಕೊಕ್ಕೆಯನ್ನು ಒತ್ತಿ ಹಿಡಿದು, ಇನ್ನೊಂದರಿಂದ ಮೈಯನ್ನು ಮೆಲ್ಲಗೆ ಹಿಂದಕ್ಕೆ ಎಳೆಯಬೇಕು. ಕೈ ನಡುಗಿದರೆ ಕರುಳು, ಕೊಬ್ಬು ಎಲ್ಲ ಕಲಸಿಹೋಗುತ್ತದೆ. ಸರಿಯಾಗಿ ಎಳೆದರೆ ತಲೆಯ ಜೊತೆ ಪಾರದರ್ಶಕವಾದ ಎರಡು ಗ್ರಂಥಿಗಳು ಜಾರಿ ಬರುತ್ತವೆ. ಬಣ್ಣ ಹಾಕಿ, ಕವರ್‌ಸ್ಲಿಪ್ ಇಟ್ಟು, ಹೆಬ್ಬೆರಳಿನಿಂದ ಅದುಮಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ದೈತ್ಯ ವರ್ಣತಂತುಗಳು, ಅವುಗಳ ಉದ್ದಕ್ಕೂ ಅಡ್ಡಪಟ್ಟಿಗಳು. ಜೀನುಗಳು ವರ್ಣತಂತುವಿನ ಮೇಲೆ ಸಾಲಾಗಿವೆ ಎಂದು ಪುಸ್ತಕದಲ್ಲಿ ಓದಿದ್ದು ಆ ಕ್ಷಣದಲ್ಲಿ ಕಣ್ಣಿನ ಮಾತಾಗುತ್ತದೆ. ಮೊದಲ ಸಲ ಸ್ಲೈಡು ಕೂಡಿಬಂದಾಗ ಮಕ್ಕಳು ಒಬ್ಬರನ್ನೊಬ್ಬರು ಕರೆದು ತೋರಿಸುತ್ತಾರೆ. ಆ ಗಲಾಟೆಯನ್ನು ಯಾವ ಅಧ್ಯಾಪಕರೂ ಗದರಿಸಿ ನಿಲ್ಲಿಸಬಾರದು.

ಈ ನೊಣದ ವಿಷಯದಲ್ಲಿ ಮೈಸೂರಿಗೆ ದೊಡ್ಡ ಹೆಸರಿದೆ. ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಎಚ್.ಎ. ರಂಗನಾಥ್ ಮತ್ತು ಸಂಗಡಿಗರು ಎಂಟು ವರ್ಣತಂತುಗಳ ನಸುಟ ಎಂಬ ಡ್ರೊಸೊಫಿಲವನ್ನೂ ಆರು ವರ್ಣತಂತುಗಳ ಅದರ ಸಮೀಪಬಂಧು ಆಲ್ಬೊಮಿಕನ್ಸನ್ನೂ ಕೂಡಿಸಿದರು. ಮಿಶ್ರ ಸಂತಾನವನ್ನು ತಲೆಮಾರಿನಿಂದ ತಲೆಮಾರಿಗೆ ಸಾಕುತ್ತ ಹೋದಾಗ ಎರಡೂ ಮೂಲಗಳ ವರ್ಣತಂತುಗಳು ಹೊಸ ಬಗೆಯಲ್ಲಿ ಸೇರಿಕೊಂಡ ಹೊಸ ತಳಿಗಳು ಸೀಸೆಯೊಳಗೇ ನೆಲೆಗೊಂಡವು. ಇವನ್ನು ಸೈಟೊರೇಸ್ ಎನ್ನುತ್ತಾರೆ. ವಿಕಾಸ ಎಂದರೆ ಲಕ್ಷಾಂತರ ವರ್ಷದ ಹಿಂದೆ ಮುಗಿದ ಕಥೆ ಎಂದುಕೊಂಡವರು ಇದನ್ನು ಓದಬೇಕು. ನಮ್ಮದೇ ರಾಜ್ಯದ ಪ್ರಯೋಗಾಲಯದಲ್ಲಿ ನಡೆದ ಇಂಥ ಕೆಲಸ ನಮ್ಮ ಪದವಿ ತರಗತಿಗಳಲ್ಲಿ ಗ್ಯಾಲಪಗೋಸಿನ ಫಿಂಚ್ ಹಕ್ಕಿಗಳಷ್ಟೇ ಉತ್ಸಾಹದಿಂದ ಚರ್ಚೆಯಾಗಬೇಕಲ್ಲವೆ?

ಅಂಗಛೇದನದ ಬಗ್ಗೆ ಒಂದು ಮಾತು. ಒಂದು ಕಾಲಕ್ಕೆ ಪ್ರಾಣಿಶಾಸ್ತ್ರವೆಂದರೆ ಮೇಣದ ತಟ್ಟೆಗೆ ಗುಂಡುಸೂಜಿ ಚುಚ್ಚಿ ಅಂಗಾತ ಮಲಗಿಸಿದ ಕಪ್ಪೆ. ಜಿರಳೆ, ಓತಿಕ್ಯಾತ, ಶಾರ್ಕ್ ಮರಿ, ಇಲಿ ಎಲ್ಲವೂ ಆ ತಟ್ಟೆಯ ಮೇಲೆ ಮಲಗಿದವು. ವಿಶ್ವವಿದ್ಯಾಲಯ ಅನುದಾನ ಆಯೋಗ 2011ರಲ್ಲಿ ಛೇದನವನ್ನು ಕಡಿಮೆ ಮಾಡಲು ಮಾರ್ಗಸೂಚಿ ಹೊರಡಿಸಿ, 2014ರಲ್ಲಿ ಪೂರ್ತಿ ನಿಲ್ಲಿಸುವಂತೆ ಹೇಳಿತು. ಅದು ಸರಿಯಾದ ತೀರ್ಮಾನ. ಅದೇ ನರ, ಅದೇ ರಕ್ತನಾಳವನ್ನು ನೋಡಲು ವರ್ಷ ವರ್ಷ ಸಾವಿರಾರು ಪ್ರಾಣಿಗಳನ್ನು ಕೊಲ್ಲುವುದಕ್ಕೆ ಸಮರ್ಥನೆಯಿರಲಿಲ್ಲ. ಕೊರತೆಯಾದದ್ದು ಆಮೇಲೆ. ಛೇದನಕ್ಕೆ ಮೀಸಲಾಗಿದ್ದ ಗಂಟೆಗಳಲ್ಲಿ ಏನು ಮಾಡಬೇಕು ಎಂದು ಯಾರೂ ಗಂಭೀರವಾಗಿ ಯೋಚಿಸಲಿಲ್ಲ. ಚಾರ್ಟು ನೋಡಿ ಚಿತ್ರ ಬಿಡಿಸುವುದು, ಪರದೆಯ ಮೇಲೆ ಕತ್ತರಿಸುವ ತಂತ್ರಾಂಶ ನೋಡುವುದು, ರೆಕಾರ್ಡ್ ಬರೆದು ಸಹಿ ಹಾಕಿಸುವುದು, ಅಷ್ಟರಲ್ಲೇ ಆ ಗಂಟೆಗಳು ಮುಗಿಯುತ್ತಿವೆ. ಆ ಗಂಟೆಗಳನ್ನು ಕಾಲೇಜಿನ ಆವರಣದ ಜೀವಂತ ಪ್ರಾಣಿಗಳಿಗೆ ಕೊಡಬೇಕಿತ್ತು. ಈಗಲೂ ಕೊಡಬಹುದು. ಹೇಗೂ ಊಟಕ್ಕೆಂದು ಹಿಡಿದ ಬಂಗುಡೆ, ಬೂತಾಯಿ ಕರಾವಳಿಯ ಮಾರುಕಟ್ಟೆಯಲ್ಲಿ ರಾಶಿ ಬಿದ್ದಿರುತ್ತವೆ. ಕಿವಿರಿನ ರಚನೆ, ಹೊಟ್ಟೆಯೊಳಗಿನ ಆಹಾರ, ಮೊಟ್ಟೆ ಯಾವ ತಿಂಗಳಲ್ಲಿ ಬಲಿಯುತ್ತದೆ ಎಂಬುದೆಲ್ಲ ಮೀನು ಹೆಚ್ಚುವ ಮಹಿಳೆಯರ ಪಕ್ಕ ಕೂತು ಕಲಿಯುವಂಥದ್ದು. ಮೀನಿನ ತಲೆಯೊಳಗೆ ಕಿವಿಗಲ್ಲು ಎಂಬ ಸಣ್ಣ ಸುಣ್ಣದ ಹರಳಿದೆ. ಅದರ ಉಂಗುರಗಳಿಂದ ಮೀನಿನ ವಯಸ್ಸನ್ನು ಲೆಕ್ಕ ಹಾಕುತ್ತಾರೆ.

ಇನ್ನು ಪ್ರಾಜೆಕ್ಟ್. ಕೊನೆಯ ವರ್ಷದ ಅತಿ ಮುಖ್ಯ ಕೆಲಸ ಇದು. ಅತಿ ಹೆಚ್ಚು ಕೆಟ್ಟಿರುವುದೂ ಇದೇ. ಜೆರಾಕ್ಸ್ ಅಂಗಡಿಯಲ್ಲಿ ಹಿಂದಿನ ವರ್ಷದ ಪ್ರಾಜೆಕ್ಟಿನ ಹೆಸರು ಬದಲಿಸಿ, ಸ್ಪೈರಲ್ ಬೈಂಡಿಂಗ್ ಮಾಡಿಸಿ ತಂದುಕೊಟ್ಟರೆ ಆಯಿತು ಎನ್ನುವ ಪದ್ಧತಿ ಹಲವೆಡೆ ಬೇರೂರಿದೆ. ಮಕ್ಕಳನ್ನು ಮಾತ್ರ ದೂರಿ ಪ್ರಯೋಜನವಿಲ್ಲ. ಒಬ್ಬ ಅತಿಥಿ ಉಪನ್ಯಾಸಕರಿಗೆ ಐವತ್ತು ಅರವತ್ತು ಪ್ರಾಜೆಕ್ಟುಗಳನ್ನು ಒಪ್ಪಿಸಿದರೆ ಅವರಾದರೂ ಏನು ಮಾಡಿಯಾರು?

ಒಳ್ಳೆಯ ಪ್ರಾಜೆಕ್ಟಿಗೆ ದುಬಾರಿ ಉಪಕರಣ ಬೇಡ, ಕಾಡಿಗೆ ಹೋಗಲೂ ಬೇಕಿಲ್ಲ. ಸೊಳ್ಳೆಯನ್ನೇ ನೋಡೋಣ. ಮಳೆಗಾಲದಲ್ಲಿ ಡೆಂಗಿ ಬರದ ಊರು ಈಗ ಕರ್ನಾಟಕದಲ್ಲಿ ಅಪರೂಪ. ತಮ್ಮ ಬಡಾವಣೆಯ ಮನೆಗಳಿಗೆ ಹೋಗಿ ಡ್ರಮ್ಮು, ಹೂಕುಂಡದ ತಟ್ಟೆ, ಬಿಸಾಕಿದ ಟೈರು, ತೆಂಗಿನ ಚಿಪ್ಪುಗಳಲ್ಲಿ ನಿಂತ ನೀರನ್ನು ಟಾರ್ಚ್ ಹಿಡಿದು ನೋಡಬಹುದು. ಮಲೇರಿಯ ಹರಡುವ ಅನಾಫಿಲಿಸ್ ಸೊಳ್ಳೆಯ ಮರಿ ನೀರಿನ ಮೇಲ್ಮೈಗೆ ಸಮಾನಾಂತರವಾಗಿ ಮಲಗಿದಂತಿರುತ್ತದೆ. ಡೆಂಗಿ ಹರಡುವ ಈಡಿಸ್‌ನ ಮರಿ ಉಸಿರುನಳಿಕೆಯನ್ನು ಮೇಲ್ಮೈಗೆ ತಾಗಿಸಿಕೊಂಡು ತಲೆಕೆಳಗಾಗಿ ಓರೆಯಾಗಿ ನೇತಾಡುತ್ತದೆ. 60 ಮನೆಗಳಲ್ಲಿ 9 ಮನೆಗಳಲ್ಲಿ ಮರಿಗಳು ಸಿಕ್ಕವು ಎನ್ನಿ. ನೂರಕ್ಕೆ ಎಷ್ಟು ಎಂದು ಲೆಕ್ಕ ಹಾಕಿದರೆ ಆ ಬಡಾವಣೆಯ ಮನೆ ಸೂಚ್ಯಂಕ 15. ಆರೋಗ್ಯ ಇಲಾಖೆ ಬಳಸುವುದೂ ಇದೇ ಲೆಕ್ಕ. ಎರಡು ತಿಂಗಳು ವಾರಕ್ಕೊಮ್ಮೆ ಇದನ್ನು ಮಾಡಿದ ವಿದ್ಯಾರ್ಥಿಗೆ ಕೀಟದ ಜೀವನಚಕ್ರ, ಸಂಖ್ಯಾಶಾಸ್ತ್ರ, ಸಾರ್ವಜನಿಕ ಆರೋಗ್ಯ ಮೂರೂ ಒಟ್ಟಿಗೆ ತಿಳಿಯುತ್ತವೆ. ಆ ವರದಿ ಊರಿನ ಪಂಚಾಯಿತಿಗೂ ಉಪಯೋಗಕ್ಕೆ ಬರುತ್ತದೆ.

ತರಗತಿಯ ಲೆಕ್ಕಕ್ಕೂ ಹೊರಗಿನ ಲೋಕಕ್ಕೂ ಇರುವ ನಂಟಿಗೆ ಇನ್ನೊಂದು ನಿದರ್ಶನ ನಾಗರಹೊಳೆಯದು. ಪ್ರಾಕ್ಟಿಕಲ್‌ನಲ್ಲಿ ಮಕ್ಕಳು ಮಣಿಗಳನ್ನಿಟ್ಟುಕೊಂಡು ಒಂದು ಅಭ್ಯಾಸ ಮಾಡುತ್ತಾರೆ. ಡಬ್ಬಿಯಿಂದ 40 ಮಣಿ ತೆಗೆದು ಗುರುತು ಹಾಕಿ ಮರಳಿ ಬೆರೆಸುವುದು. ಮತ್ತೆ 50 ಮಣಿ ತೆಗೆದಾಗ ಗುರುತಿನವು 10 ಸಿಕ್ಕರೆ ಡಬ್ಬಿಯಲ್ಲಿ ಒಟ್ಟು ಸುಮಾರು 200 ಇರಬೇಕು. ಎಲ್ಲವನ್ನೂ ಎಣಿಸದೆ ಒಟ್ಟು ಸಂಖ್ಯೆ ಅಂದಾಜು ಮಾಡುವ ಈ ಉಪಾಯವನ್ನೇ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಸುಧಾರಿತ ರೂಪದಲ್ಲಿ ಹುಲಿಗೆ ಅನ್ವಯಿಸಿದರು. ಹುಲಿಗೆ ಗುರುತು ಹಾಕುವ ಅಗತ್ಯವಿಲ್ಲ. ಒಂದರ ಪಟ್ಟೆ ಇನ್ನೊಂದಕ್ಕಿಲ್ಲ. ಕ್ಯಾಮೆರಾ ಟ್ರ್ಯಾಪಿನ ಮುಂದೆ ಹಾದುಹೋದರೆ ಹುಲಿ ತನ್ನ ಗುರುತನ್ನು ತಾನೇ ಕೊಟ್ಟಂತೆ. ನಾಗರಹೊಳೆಯ ಹುಲಿಗಳ ಮೇಲೆ ಅವರು 1995ರಲ್ಲಿ ಪ್ರಕಟಿಸಿದ ಈ ವಿಧಾನ ಆಮೇಲೆ ಪಟ್ಟೆ, ಚುಕ್ಕೆಗಳ ಅನೇಕ ಪ್ರಾಣಿಗಳ ಗಣತಿಗೆ ದಾರಿಯಾಯಿತು. ಮಣಿ ಎಣಿಸುವ ದಿನ ಮಕ್ಕಳಿಗೆ ಇದನ್ನು ಹೇಳಬೇಕು. ಹೇಳದಿದ್ದರೆ ಅದು ಬರೀ ಮಣಿ ಎಣಿಸುವ ಆಟವಾಗಿ ಉಳಿಯುತ್ತದೆ.

ಮಲೆನಾಡಿನ ಕಾಲೇಜುಗಳ ಮಕ್ಕಳ ಭಾಗ್ಯವೇ ಬೇರೆ. ಉತ್ತರ ಕನ್ನಡದ ಕತ್ತಲೆಕಾನಿನಂಥ ಜೌಗು ಕಾಡಿನ ತೊರೆಗಳಲ್ಲಿ ಒಂದು ಇರುಳುಗಪ್ಪೆಯಿದೆ. ಹೆಣ್ಣು ಮೊಟ್ಟೆಯಿಟ್ಟು ಹೋದ ಮೇಲೆ ಗಂಡು ಮುಂಗಾಲಿನಲ್ಲಿ ಕೆಸರು ಬಾಚಿ ತಂದು, ಹಿಂಗಾಲುಗಳ ಮೇಲೆ ಎದ್ದು ನಿಂತು, ಮೊಟ್ಟೆಗಳಿಗೆ ಮೆತ್ತುತ್ತದೆ. ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಅದನ್ನು ಹೊಸ ಪ್ರಭೇದವೆಂದು ವಿವರಿಸಿ ನಿಕ್ಟಿಬಟ್ರಾಕಸ್ ಕುಂಬಾರ ಎಂದು ಹೆಸರಿಟ್ಟರು. ಅಷ್ಟು ವರ್ಷ ಅದು ಅಲ್ಲೇ ಇತ್ತು. ಇರುಳಿನಲ್ಲಿ, ಮಳೆಯಲ್ಲಿ, ಟಾರ್ಚ್ ಹಿಡಿದು ಕೂತು ನೋಡುವವರು ಬೇಕಿತ್ತು. 2024ರಲ್ಲಿ ಕಾಳಿಂಗ ಸರ್ಪದ ವಿಷಯದಲ್ಲೂ ಪುಸ್ತಕ ಬದಲಾಯಿತು. ಏಷ್ಯಾದುದ್ದಕ್ಕೂ ಇರುವುದು ಒಂದೇ ಪ್ರಭೇದ ಎಂದು ಎಲ್ಲರೂ ಓದುತ್ತಿದ್ದ ಹಾವು ನಾಲ್ಕು ಪ್ರಭೇದಗಳೆಂದು ತೀರ್ಮಾನವಾಗಿ, ಪಶ್ಚಿಮ ಘಟ್ಟದ್ದಕ್ಕೆ ಓಫಿಯೊಫೇಗಸ್ ಕಾಳಿಂಗ ಎಂಬ ಹೆಸರು ಬಂತು. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಓದಿದ ಯಾರಿಗೂ ಹಾರುವ ಓತಿಯನ್ನು ಪರಿಚಯಿಸಬೇಕಿಲ್ಲ. ಆದರೆ ಅಡಿಕೆ ತೋಟದಲ್ಲಿ ಅದು ಮರದಿಂದ ಮರಕ್ಕೆ ತೇಲುವಾಗ ರೆಕ್ಕೆಯಂತೆ ಕಾಣುವ ಚರ್ಮವನ್ನು ಹಿಡಿದು ನಿಲ್ಲಿಸಿರುವುದು ಉದ್ದವಾಗಿ ಬೆಳೆದ ಪಕ್ಕೆಲುಬುಗಳು ಎಂದು ವಿವರಿಸಬಲ್ಲ ತೋಟದ ಮನೆಯ ಮಗ ಅಥವಾ ಮಗಳು ನಮ್ಮ ತರಗತಿಯಲ್ಲಿ ತಯಾರಾಗಬೇಕು.

ಅದೇ ಮಲೆನಾಡಿನಲ್ಲಿ ಮಂಗನ ಕಾಯಿಲೆ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿರುವುದು ಗಮನಕ್ಕೆ ಬಂತು, ಸುತ್ತಲಿನ ಹಳ್ಳಿಯವರೂ ಜ್ವರದಲ್ಲಿ ನರಳಿದರು. ವೈರಸ್ಸನ್ನು ಹೊತ್ತು ತರುವುದು ಉಣುಗು. ಮೊಟ್ಟೆಯಿಂದ ಹೊರಬಂದ ಉಣುಗಿನ ಮರಿಗೆ ಆರೇ ಕಾಲು, ಮುಂದಿನ ಹಂತದಲ್ಲಿ ಎಂಟು. ಆ ಎಂಟು ಕಾಲಿನ ಮರಿಯ ಹಂತವೇ ಮನುಷ್ಯರಿಗೆ ಹೆಚ್ಚು ಅಪಾಯಕಾರಿ, ಅದು ಕಾಡಿನ ತರಗೆಲೆಗಳಲ್ಲಿ ಹೆಚ್ಚಾಗಿರುವುದು ಒಣಹವೆಯ ತಿಂಗಳುಗಳಲ್ಲಿ. ಕಾಯಿಲೆ ಬೇಸಿಗೆಗೆ ಏರಿ ಮಳೆಗೆ ಇಳಿಯುವುದು ಅದಕ್ಕೇ. ಸೊಪ್ಪಿಗೆ, ದರಗಿಗೆ ಕಾಡಿಗೆ ಹೋಗುವ ಅಮ್ಮನಿಗೆ ಇದನ್ನು ಅವಳ ಮಾತಿನಲ್ಲಿ ತಿಳಿಸಿ ಹೇಳಬಲ್ಲ ಮಗಳು ಮನೆಯಲ್ಲಿದ್ದರೆ ಅದಕ್ಕಿಂತ ದೊಡ್ಡ ಆರೋಗ್ಯ ಶಿಕ್ಷಣವಿಲ್ಲ.

ಮಗಳು ಎಂದೆ. ನಾನು ನೋಡಿದ ಪ್ರಾಣಿಶಾಸ್ತ್ರ ತರಗತಿಗಳಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಕ್ಷೇತ್ರ ಅಧ್ಯಯನಕ್ಕೆ ಕಳಿಸಿ ಎಂದರೆ ಮನೆಯಲ್ಲಿ ಮೊದಲು ಬರುವ ಉತ್ತರ ‘ಬೇಡ’. ರಾತ್ರಿ ಕಪ್ಪೆ ನೋಡಲು ಎಂದರಂತೂ ಮಾತೇ ಮುಗಿಯಿತು. ತಂದೆ ತಾಯಿಯ ಆತಂಕ ಸುಳ್ಳಲ್ಲ. ಅಧ್ಯಾಪಕರು ಒಂದು ಗುಂಪು ಮಾಡಿ, ಜೊತೆಗೆ ಅಧ್ಯಾಪಕಿಯೊಬ್ಬರನ್ನು ಕರೆದುಕೊಂಡು, ಹೋಗುವ ಜಾಗ ಬರುವ ಹೊತ್ತು ಎರಡನ್ನೂ ಮನೆಯವರಿಗೆ ಮೊದಲೇ ತಿಳಿಸಿದರೆ ಎಷ್ಟೋ ಮನೆಗಳು ಒಪ್ಪುತ್ತವೆ. ಒಪ್ಪದಿದ್ದರೆ ಹಿತ್ತಲೇ ಕ್ಷೇತ್ರ. ಹಿತ್ತಲಿನ ಜೇಡ, ಹಲ್ಲಿ, ಸೂರಕ್ಕಿಯನ್ನು ನೋಡಲು ಯಾರ ಅಪ್ಪಣೆಯೂ ಬೇಡ. ಕಾಡಿನೊಳಗೆ ಹೋಗುವುದಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿರುವ ಯಾವ ಪ್ರಾಣಿಯನ್ನೂ ಹಿಡಿಯುವಂತಿಲ್ಲ. ನೋಡುವುದು, ಬರೆಯುವುದು, ಫೋಟೊ ತೆಗೆಯುವುದು, ಪದವಿಯ ಮಟ್ಟಕ್ಕೆ ಅಷ್ಟು ಧಾರಾಳವಾಗಿ ಸಾಕು.

ಇನ್ನೊಂದು ಭಾರವನ್ನು ಈ ಮಕ್ಕಳು ಹೊತ್ತು ಬಂದಿರುತ್ತಾರೆ. 2024ರಲ್ಲಿ ದೇಶದಲ್ಲಿ 23 ಲಕ್ಷಕ್ಕೂ ಹೆಚ್ಚು ಮಂದಿ ನೀಟ್ ಬರೆದರು. ಅವರಲ್ಲಿ ವೈದ್ಯಕೀಯ ಸೀಟು ಸಿಕ್ಕದ ಬಹುಪಾಲಿನ ಒಂದು ಅಂಶ ಬಿ.ಎಸ್ಸಿ.ಗೆ ಬರುತ್ತದೆ. ‘ಮೆಡಿಕಲ್ ಆಗಲಿಲ್ಲ, ಅದಕ್ಕೇ ಜೂವಾಲಜಿ’ ಎಂದು ನೆಂಟರ ಮನೆಯ ಮದುವೆಯಲ್ಲಿ ಅವರೆದುರೇ ಹೇಳುತ್ತಾರೆ. ಮೂರು ವರ್ಷ ಈ ಮಾತು ಕೇಳಿದವರು ತಮ್ಮ ವಿಷಯವನ್ನು ತಾವೇ ಪ್ರೀತಿಸುವುದು ಹೇಗೆ? ಹೆತ್ತವರಲ್ಲಿ ನನ್ನ ಮನವಿ, ದಯವಿಟ್ಟು ಆ ಮಾತು ನಿಲ್ಲಿಸಿ. ಉದ್ಯೋಗದ ಚಿಂತೆ ನ್ಯಾಯವಾದದ್ದೇ. ಎಂ.ಎಸ್ಸಿ., ಬಿ.ಎಡ್. ಹಾದಿಗಳಿವೆ, ರೇಷ್ಮೆ, ಮೀನುಗಾರಿಕೆ, ಅರಣ್ಯ, ರೋಗವಾಹಕ ನಿಯಂತ್ರಣದಂಥ ಕ್ಷೇತ್ರಗಳಿವೆ, ಬಂಜೆತನ ಚಿಕಿತ್ಸಾ ಕೇಂದ್ರಗಳಲ್ಲಿ ಭ್ರೂಣತಜ್ಞರಾಗಲು ಮುಂದಿನ ಓದಿದೆ, ಸಂಶೋಧನೆಗೆ ಬೆಂಗಳೂರು, ಮೈಸೂರುಗಳಲ್ಲೇ ದೇಶದ ಉತ್ತಮ ಸಂಸ್ಥೆಗಳಿವೆ. ಯಾವುದೂ ಸುಲಭದ ದಾರಿಯಲ್ಲ. ಆದರೆ ಇವುಗಳಲ್ಲಿ ಯಾವುದರ ಸಂದರ್ಶನದಲ್ಲೇ ಆಗಲಿ, ‘ನೀನು ಸ್ವತಃ ಏನು ನೋಡಿದ್ದೀಯ?’ ಎಂಬ ಪ್ರಶ್ನೆಗೆ ಉತ್ತರವಿರುವ ಅಭ್ಯರ್ಥಿಯ ಮಾತಿಗೆ ತೂಕ ಹೆಚ್ಚು.

ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಇಂಗ್ಲಿಷ್ ಮತ್ತು ಲ್ಯಾಟಿನ್ ಹೆಸರುಗಳ ಮುಂದೆ ಕುಗ್ಗುವುದನ್ನು ನೋಡಿದ್ದೇನೆ. ಮೊದಲ ಮಳೆಗೆ ಹೊಳೆಯಿಂದ ಗದ್ದೆಗೆ ಏರುವ ಹತ್ತುಮೀನನ್ನು ಬಾಲ್ಯದಿಂದ ನೋಡಿದ ಹುಡುಗ, ಮೀನುಗಳ ಸಂತಾನೋತ್ಪತ್ತಿಗೂ ಮಳೆಗೂ ಇರುವ ಸಂಬಂಧದ ಪ್ರಶ್ನೆಗೆ ಉತ್ತರ ಬರೆಯಲು ಹೆದರುತ್ತಾನೆ. ಅವನಿಗೆ ವಿಷಯ ಗೊತ್ತಿದೆ, ಅದೇ ವಿಷಯ ಎಂದು ಯಾರೂ ಹೇಳಿಲ್ಲ. ಹೇಳಬೇಕಾದವರು ಅಧ್ಯಾಪಕರು. ಟಿಪ್ಪಣಿ ಪುಸ್ತಕವನ್ನು ಅವನು ಕನ್ನಡದಲ್ಲೇ ಬರೆಯಲಿ. ವೈಜ್ಞಾನಿಕ ಹೆಸರುಗಳು ಬಳಸುತ್ತ ಬಳಸುತ್ತ ಬರುತ್ತವೆ.

ಜಗತ್ತಿನ ಉಭಯವಾಸಿಗಳ ಸ್ಥಿತಿಗತಿಯ ಬಗ್ಗೆ 2023ರಲ್ಲಿ ಹೊರಬಂದ ವರದಿಯ ಪ್ರಕಾರ ಅವುಗಳಲ್ಲಿ ಸುಮಾರು ಶೇ 41ರಷ್ಟು ಪ್ರಭೇದಗಳು ಅಳಿವಿನ ಅಪಾಯದಲ್ಲಿವೆ. ನಮ್ಮ ಘಟ್ಟದ ಕಪ್ಪೆಗಳೂ ಆ ಲೆಕ್ಕದಲ್ಲಿವೆ. ನೋಡುವವರು ತಯಾರಾಗುವ ವೇಗಕ್ಕಿಂತ ನೋಡಬೇಕಾದ್ದು ಮರೆಯಾಗುವ ವೇಗ ಹೆಚ್ಚಾಗಬಾರದು.

ಈ ವರ್ಷ ಐದನೇ ಸೆಮಿಸ್ಟರಿಗೆ ಕಾಲಿಡುತ್ತಿರುವ ಮಕ್ಕಳಿಗೆ ನನ್ನದು ಒಂದೇ ಕೋರಿಕೆ. ಪ್ರಾಜೆಕ್ಟಿನ ವಿಷಯ ಹಂಚುವ ದಿನ ಪಟ್ಟಿಯಲ್ಲಿರುವುದನ್ನು ಸುಮ್ಮನೆ ಒಪ್ಪಿಕೊಳ್ಳಬೇಡಿ. ನಿಮ್ಮ ಮನೆಯಿಂದ ಅಥವಾ ಹಾಸ್ಟೆಲ್ಲಿನಿಂದ ನಡೆದು ಹೋಗುವ ದೂರದಲ್ಲಿರುವ ಒಂದು ಪ್ರಾಣಿಯನ್ನು ಆರಿಸಿಕೊಂಡು, ನೂರು ಪುಟದ ಒಂದು ನೋಟ್‌ಬುಕ್ ಹಿಡಿದು, ಇದನ್ನೇ ಮಾಡುತ್ತೇನೆ ಎಂದು ಅಧ್ಯಾಪಕರನ್ನು ಕೇಳಿ. ಅಧ್ಯಾಪಕರೇ, ಕೇಳಿಕೊಂಡು ಬಂದ ಮಗುವಿಗೆ ಇಲ್ಲ ಎನ್ನಬೇಡಿ.